ದವಡೆಯ ಕೀಲೂ ಮೂರು ಆಯಾಮದ ಚಿತ್ರವೂ

ಈ ಲೇಖನವನ್ನು ಮುಂದೆ ಓದುವ ಮೊದಲು ವಾಚಕರು ಒಂದು ಚಿಕ್ಕ ಪ್ರಯೋಗವನ್ನು ಮಾಡಬೇಕೆಂದು ನಮ್ಮ ಕೋರಿಕೆ. ಎರಡು ತೋರುಬೆರಳುಗಳನ್ನು ಎರಡು ಕಿವಿಗಳ ಮುಂದೆ ಹಗುರವಾಗಿ ಇಟ್ಟುಕೊಂಡು ಬಾಯಿಯನ್ನು ನಿಧಾನವಾಗಿ ತೆರೆಯಿರಿ. ಮೊದಲು ಬೆರಳಿನ ಕೆಳಗೆ ಏನೋ ಉರುಳಿದಂತೆ ತೋರುವುದು. ಬಾಯಿ ಇನ್ನೂ ಅಗಲವಾಗುತ್ತ ಹೋದಂತೆ ಅದು ಮುಂದಕ್ಕೆ ಜಾರಿ, ಬೆರಳಿನ ಕೆಳಗೆ ಒಂದು ಸಣ್ಣ ತಗ್ಗು ಬಿದ್ದಂತಾಗುವುದು. ಬಾಯಿಯನ್ನು ಮುಚ್ಚಿದರೆ ಅದು ಹಿಂದಕ್ಕೆ ಬಂದು ತನ್ನ ಸ್ಥಾನವನ್ನು ಸೇರುವುದು. ನಾವು ದಿನಕ್ಕೆ ಸಾವಿರಾರು ಬಾರಿ, ಮಾತನಾಡುವಾಗಲೂ ಉಣ್ಣುವಾಗಲೂ ಆಕಳಿಸುವಾಗಲೂ, ಅರಿವಿಲ್ಲದೆ ಆಡಿಸುವ ದವಡೆಯ ಕೀಲು ಇದೇ.

ಮೊಣಕಾಲಿನ ಕೀಲು, ಮೊಣಕೈಯ ಕೀಲು ಎಂದರೆ ಎಲ್ಲರೂ ಬಲ್ಲರು. ದವಡೆಗೂ ಕೀಲುಂಟೆಂಬುದನ್ನು ನೋವು ಬಂದಾಗಲೇ ಬಹುಮಂದಿ ತಿಳಿಯುವರು. ಆದರೆ ಶರೀರದ ರಚನೆಯಲ್ಲಿ ಇದಕ್ಕೆ ಸಮನಾದ ವಿಚಿತ್ರವು ಬೇರೆ ಇಲ್ಲವೆಂದರೆ ಅತಿಶಯೋಕ್ತಿಯಲ್ಲ. ಕೆಳದವಡೆಯ ಮೂಳೆ ಒಂದೇ. ಅದರ ಎರಡು ತುದಿಗಳಲ್ಲಿ ಎರಡು ತಲೆಗಳು. ಒಂದು ಪಕ್ಕದ ತಲೆಯು ಅಲುಗಿದರೆ ಇನ್ನೊಂದು ಸುಮ್ಮನಿರುವಂತಿಲ್ಲ. ಪ್ರತಿಯೊಂದು ತಲೆಯೂ ಕಪಾಲದ ತಳದಲ್ಲಿರುವ ಒಂದು ಗುಳಿಯೊಳಗೆ ಕುಳಿತಿದೆ. ಗುಳಿಯ ಮುಂದೆ ಒಂದು ದಿಬ್ಬವಿದೆ. ತಲೆಗೂ ಗುಳಿಗೂ ನಡುವೆ, ಅಂಚುಗಳಲ್ಲಿ ದಪ್ಪವಾಗಿಯೂ ಮಧ್ಯದಲ್ಲಿ ತೆಳ್ಳಗೂ ಇರುವ ನಾರಿನ ಬಿಲ್ಲೆಯೊಂದಿದೆ. ಈ ಬಿಲ್ಲೆಯು ಕೀಲನ್ನು ಎರಡು ಅಂತಸ್ತುಗಳಾಗಿ ವಿಂಗಡಿಸುತ್ತದೆ. ಕೆಳಗಿನ ಅಂತಸ್ತಿನಲ್ಲಿ ಮೂಳೆಯ ತಲೆಯು ಬಾಗಿಲಿನ ಕೀಲಿನಂತೆ ತಿರುಗುವುದು. ಮೇಲಿನ ಅಂತಸ್ತಿನಲ್ಲಿ ತಲೆ ಮತ್ತು ಬಿಲ್ಲೆ ಕೂಡಿಯೇ ದಿಬ್ಬದ ಇಳಿಜಾರಿನ ಮೇಲೆ ಮುಂದಕ್ಕೆ ಜಾರುವುವು. ನಮ್ಮ ಬೆರಳಿಗೆ ಮೊದಲು ಉರುಳಿದಂತೆಯೂ ಅನಂತರ ಜಾರಿದಂತೆಯೂ ತೋರಿದ್ದು ಈ ಕಾರಣದಿಂದ.

ಬೇರೆ ಬೇರೆ ಪ್ರಾಣಿಗಳಲ್ಲಿ ಈ ಕೀಲಿನ ರೂಪವು ಅವುಗಳ ಆಹಾರಕ್ಕೆ ತಕ್ಕಂತೆ ಬದಲಾಗಿದೆ. ಹಾವೇರಿ ಸೀಮೆಯ ಯಾವ ಹಳ್ಳಿಯಲ್ಲಾದರೂ ಸಂಜೆ ಕೊಟ್ಟಿಗೆಯ ಮುಂದೆ ಕುಳಿತು ಮೆಲುಕು ಹಾಕುವ ಎತ್ತನ್ನು ಗಮನಿಸಿರಿ. ಅದರ ದವಡೆಯು ಮೇಲೆ ಕೆಳಗೆ ಹೋಗುವುದಕ್ಕಿಂತ ಹೆಚ್ಚಾಗಿ ಅಡ್ಡಡ್ಡವಾಗಿ, ಬೀಸುವ ಕಲ್ಲಿನಂತೆ ಚಲಿಸುವುದು. ಅದರ ಕೀಲಿನ ಗುಳಿ ಹೆಚ್ಚುಕಡಿಮೆ ಚಪ್ಪಟೆ. ಕೀಲು ಹಲ್ಲಿನ ಸಾಲಿಗಿಂತ ಬಹಳ ಮೇಲಿದೆ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಹುಲ್ಲು ಮೇಯುವ ಕೃಷ್ಣಮೃಗದ ದವಡೆಯೂ ಇದೇ ಬಗೆಯದು. ಅದೇ ಹಳ್ಳಿಯ ನಾಯಿಯಲ್ಲಾದರೋ ಮೂಳೆಯ ತಲೆಯು ಅಡ್ಡಲಾಗಿಟ್ಟ ಉರುಳೆಯಂತಿದ್ದು ಆಳವಾದ ಗುಳಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದೆ. ಆದುದರಿಂದ ಅದು ಕತ್ತರಿಯಂತೆ ಕತ್ತರಿಸಬಲ್ಲದು, ಎತ್ತಿನಂತೆ ಅರೆಯಲಾರದು. ಮನುಷ್ಯನು ಎರಡಕ್ಕೂ ನಡುವಿನವನು. ರೊಟ್ಟಿಯನ್ನು ಅಗಿಯಲೂ ಬಲ್ಲನು, ಕಬ್ಬನ್ನು ಸಿಗಿಯಲೂ ಬಲ್ಲನು.

ಇಂಥ ಕೀಲನ್ನು ಜೀವಂತ ಮನುಷ್ಯನಲ್ಲಿ ನೋಡುವುದು ಹೇಗೆ? 1895ರಲ್ಲಿ ರಂಟ್‌ಜೆನ್ ಎಂಬ ಜರ್ಮನ್ ವಿಜ್ಞಾನಿಯು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಮುರಿದ ಕೈಕಾಲುಗಳ ಮೂಳೆಯನ್ನು ನೋಡುವುದು ಸುಲಭವಾಯಿತು. ದವಡೆಯ ಕೀಲು ಮಾತ್ರ ಸುಲಭವಾಗಿ ಒಲಿಯಲಿಲ್ಲ. ಕ್ಷ-ಕಿರಣದ ಸಾಧಾರಣ ಚಿತ್ರವೆಂದರೆ ನೆರಳು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳನ್ನು ಒಟ್ಟಿರುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಆ ಒಟ್ಟಿಲಿನ ನೆರಳು ಗೋಡೆಯ ಮೇಲೆ ಬಿದ್ದರೆ ಒಟ್ಟಿಲು ಎಷ್ಟು ಎತ್ತರ, ಎಷ್ಟು ಅಗಲ ಎಂದು ಹೇಳಬಹುದು. ನಡುವೆ ಇರುವ ಒಂದು ಚೀಲ ಹರಿದಿದೆಯೇ ಎಂದು ಹೇಳಲಾಗದು. ದವಡೆಯ ಕೀಲಿನ ಅಕ್ಕಪಕ್ಕಗಳಲ್ಲಿ ಕಪಾಲದ ತಳದ ಗಟ್ಟಿ ಮೂಳೆಗಳಿವೆ. ಆಚೆಯ ಪಕ್ಕದಲ್ಲಿ ಇನ್ನೊಂದು ಕೀಲು ಇದೆ. ಇವೆಲ್ಲದರ ನೆರಳು ಒಂದರ ಮೇಲೊಂದು ಬಿದ್ದು ನಮಗೆ ಬೇಕಾದುದು ಮುಚ್ಚಿಹೋಗುವುದು.

ಈ ತೊಡಕನ್ನು ಬಿಡಿಸಿದ್ದು ಗಣಿತಶಾಸ್ತ್ರ. ಅದರ ಮರ್ಮವನ್ನು ತಿಳಿಯಲು ನಾಲ್ಕು ಮನೆಗಳ ಒಂದು ಚೌಕವನ್ನು ಬರೆದುಕೊಳ್ಳಿರಿ. ಮೇಲಿನ ಸಾಲಿನಲ್ಲಿ 3, 4. ಕೆಳಗಿನ ಸಾಲಿನಲ್ಲಿ 5, 6. ಅಡ್ಡಸಾಲುಗಳ ಮೊತ್ತ 7 ಮತ್ತು 11. ಕಂಬಸಾಲುಗಳ ಮೊತ್ತ 8 ಮತ್ತು 10. ಈ ನಾಲ್ಕು ಮೊತ್ತಗಳನ್ನು ಮಾತ್ರ ನಿಮ್ಮ ಗೆಳೆಯನಿಗೆ ಹೇಳಿ ಮನೆಗಳೊಳಗಿನ ಅಂಕೆಗಳನ್ನು ಕೇಳಿರಿ. ಅವನು ಮೇಲೆ 2, 5, ಕೆಳಗೆ 6, 5 ಎಂದು ಹೇಳಿದರೂ ಲೆಕ್ಕ ಸರಿಯಾಗಿಯೇ ಬರುವುದು! ಆದರೆ ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಗಿನ ಮೂಲೆಗೆ ಕೂಡಿದರೆ 9 ಎಂದು ಇನ್ನೊಂದು ಮೊತ್ತವನ್ನು ಹೇಳಿಬಿಟ್ಟರೆ 3, 4, 5, 6 ಅಲ್ಲದೆ ಬೇರೆ ಉತ್ತರವಿಲ್ಲ. ಪ್ರತಿಯೊಂದು ಮೊತ್ತವೂ ಒಂದು ನೆರಳು. ಸಾಕಷ್ಟು ದಿಕ್ಕುಗಳಿಂದ ನೆರಳುಗಳನ್ನು ತೆಗೆದುಕೊಂಡರೆ ವಸ್ತುವಿನ ಒಳಗನ್ನು ಮತ್ತೆ ಕಟ್ಟಬಹುದು. ಈ ತತ್ತ್ವವನ್ನು ರಾಡಾನ್ ಎಂಬ ಗಣಿತಜ್ಞನು 1917ರಲ್ಲಿಯೇ ಸಾಧಿಸಿ ತೋರಿಸಿದ್ದನು. ಅದನ್ನು ಯಂತ್ರರೂಪಕ್ಕೆ ತಂದು, ರೋಗಿಯ ತಲೆಯೊಳಗಿನ ಮೊದಲ ಪದರಚಿತ್ರವನ್ನು 1971ರಲ್ಲಿ ಇಂಗ್ಲೆಂಡಿನಲ್ಲಿ ತೆಗೆದವನು ಹೌನ್ಸ್‌ಫೀಲ್ಡ್. ಇದಕ್ಕಾಗಿ ಅವನಿಗೂ, ಇದರ ಗಣಿತವನ್ನು ಸ್ವತಂತ್ರವಾಗಿ ಶೋಧಿಸಿದ ಕಾರ್ಮ್ಯಾಕ್‌ನಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದೇ 1971ರಲ್ಲಿ ನಮ್ಮ ದೇಶದ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ನೆರಳುಗಳಿಂದ ಮೂರು ಆಯಾಮದ ರೂಪವನ್ನು ಹೆಚ್ಚು ಸರಳವೂ ಶೀಘ್ರವೂ ಆದ ಕ್ರಮದಿಂದ ಕಟ್ಟುವ ಗಣಿತವನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ರಾಮಚಂದ್ರನ್ ಅವರೇ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಅಭ್ಯಸಿಸುತ್ತಿದ್ದವರು ಇಂಥದೇ ಕ್ರಮವನ್ನು 1967ರಲ್ಲಿ ಕಂಡುಕೊಂಡಿದ್ದರು. ಒಂದೇ ಸತ್ಯಕ್ಕೆ ಎರಡು ದಾರಿಗಳಿಂದ ಬಂದು ಸೇರುವುದು ವಿಜ್ಞಾನದಲ್ಲಿ ಹೊಸದಲ್ಲ. ಈ ಕ್ರಮದ ಪೀಳಿಗೆಯ ಗಣಿತವೇ ಮುಂದೆ ಲೋಕದ ಅಸಂಖ್ಯ ಆಸ್ಪತ್ರೆಗಳ ಯಂತ್ರಗಳಲ್ಲಿ ಕೆಲಸ ಮಾಡಿತು. ಇದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

1990ರ ದಶಕದ ಕೊನೆಯಲ್ಲಿ ಇಟಲಿ, ಜಪಾನ್ ದೇಶಗಳಲ್ಲಿ ಹಲ್ಲು ದವಡೆಗಳಿಗೆಂದೇ ಚಿಕ್ಕ ಯಂತ್ರಗಳು ಸಿದ್ಧವಾದುವು. ಇವುಗಳಿಗೆ ಕೋನ್ ಬೀಮ್ ಸಿ.ಟಿ. ಎಂದು ಹೆಸರು. ಶಂಕುವಿನ ಆಕಾರದ ಕಿರಣಪುಂಜವು ತಲೆಯನ್ನು ಒಂದು ಸುತ್ತು ಬರುವಷ್ಟರಲ್ಲಿ ನೂರಾರು ನೆರಳುಗಳನ್ನು ಹಿಡಿಯುವುದು. ಗಣಕಯಂತ್ರವು ಅವುಗಳಿಂದ ಮಿಲಿಮೀಟರಿನ ಕೆಲವೇ ಹತ್ತನೆಯ ಭಾಗದಷ್ಟು ಚಿಕ್ಕ ಘನಗಳನ್ನು ಜೋಡಿಸಿ ಮೂಳೆಯ ರೂಪವನ್ನು ಕಟ್ಟುವುದು. ಆ ರೂಪವನ್ನು ಪರದೆಯ ಮೇಲೆ ಬೇಕಾದಂತೆ ತಿರುಗಿಸಬಹುದು, ಬೇಕಾದ ಕಡೆ ಸೀಳಿ ನೋಡಬಹುದು, ಅಳೆಯಬಹುದು. ಆದರೆ ಈ ಯಂತ್ರಕ್ಕೆ ಮೂಳೆ ಕಾಣುವುದೇ ಹೊರತು, ಮೇಲೆ ಹೇಳಿದ ನಾರಿನ ಬಿಲ್ಲೆ ಕಾಣದು. ಬಿಲ್ಲೆಯನ್ನು ನೋಡಬೇಕಾದರೆ ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುವ ಎಂ.ಆರ್.ಐ. ಬೇಕು. ಅದರಲ್ಲಿ ಕ್ಷ-ಕಿರಣವಿಲ್ಲ, ಬಾಯಿ ಮುಚ್ಚಿದಾಗ ಒಂದು, ತೆರೆದಾಗ ಒಂದು ಚಿತ್ರ ತೆಗೆದು ಬಿಲ್ಲೆಯು ತನ್ನ ಸ್ಥಾನದಲ್ಲಿದೆಯೇ ಎಂದು ತಿಳಿಯುವರು. ಹೀಗೆ ಎರಡು ಯಂತ್ರಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುವುವು. ಪ್ರಶ್ನೆ ಯಾವುದೆಂದು ನಿಶ್ಚಯಿಸುವ ಯಂತ್ರ ಮಾತ್ರ ಇನ್ನೂ ಹುಟ್ಟಿಲ್ಲ.

ನಾವು ಹೇಳಬೇಕೆಂದಿರುವ ಮಾತು ಇಲ್ಲಿಂದ ಪ್ರಾರಂಭವಾಗುತ್ತದೆ.

ಕೆಲಕಾಲದ ಹಿಂದೆ ರಾಣೆಬೆನ್ನೂರಿನಲ್ಲಿ ನಮಗೆ ಪರಿಚಿತನಾದ ಒಬ್ಬ ಕಾಲೇಜು ವಿದ್ಯಾರ್ಥಿಯು ತನ್ನ ದವಡೆಯ ಮೂರು ಆಯಾಮದ ಚಿತ್ರವನ್ನು ಫೋನಿನಲ್ಲಿ ತಂದು ತೋರಿಸಿದನು. ಊಟ ಮಾಡುವಾಗ ಕಿವಿಯ ಹತ್ತಿರ 'ಟಕ್' ಎಂದು ಸಪ್ಪಳವಾಗುತ್ತಿದ್ದುದೇ ಅವನ ದೂರು. ನೋವಿಲ್ಲ, ಬಾಯಿ ಚೆನ್ನಾಗಿ ತೆರೆಯುವುದು. ಮೆಣಸಿನಕಾಯಿ ಬೆಳೆಯುವ ಅವನ ತಂದೆ ಬೇರೆ ಊರಿಗೆ ಕರೆದುಕೊಂಡು ಹೋಗಿ ಹಣ ತೆತ್ತು ಈ ಚಿತ್ರವನ್ನು ತೆಗೆಸಿದ್ದರು. ಅವನ ಬಾಯಿ ಎಷ್ಟು ತೆರೆಯುವುದೆಂದು ಯಾರಾದರೂ ಅಳೆದರೇ ಎಂದು ಕೇಳಿದೆವು. ಇಲ್ಲ. ಕಿವಿಯ ಮುಂದೆ ಬೆರಳಿಟ್ಟು ನೋಡಿದರೇ? ಇಲ್ಲ. ಚಿತ್ರದಲ್ಲಿ ಏನು ಕಂಡಿತು? ಮೂಳೆಗಳು ಸರಿಯಾಗಿವೆ ಎಂದು ಬರೆದಿದ್ದರು. ಸಪ್ಪಳಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಸ್ವಲ್ಪ ಮುಂದಕ್ಕೆ ಸರಿದ ಬಿಲ್ಲೆಯ ಮೇಲೆ ಮೂಳೆಯ ತಲೆಯು ಹಾರಿ ಕೂರುವುದು. ಆ ಬಿಲ್ಲೆಯೋ ಈ ಚಿತ್ರದಲ್ಲಿ ಕಾಣುವಂತೆಯೇ ಇಲ್ಲ! ನೋವಿಲ್ಲದ ಸಪ್ಪಳಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಹುಡುಗನಿಗೆ ಉತ್ತರ ದೊರೆಯಲಿಲ್ಲ. ತಂದೆಗೆ ಹಣ ಹೋಯಿತು.

ಇನ್ನೊಂದು ಕಡೆಯನ್ನೂ ನೋಡಬೇಕು. ಚಿಕ್ಕ ಮಗುವೊಂದು ಮೆಟ್ಟಿಲ ಮೇಲಿಂದಲೋ ಚಕ್ಕಡಿಯ ಮೇಲಿಂದಲೋ ಗದ್ದವಡಿ ಬೀಳುವುದು. ಗದ್ದದ ಗಾಯವನ್ನು ಹೊಲಿದು ಮನೆಗೆ ಕಳಿಸುವರು. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯ ಮೂಲಕ ಸಾಗಿ ಕೀಲಿನ ತಲೆಯನ್ನೇ ಮುರಿಯಬಲ್ಲದು. ಅದನ್ನು ಕಾಣದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ತಲೆಯೂ ಗುಳಿಯೂ ಕ್ರಮೇಣ ಒಂದಕ್ಕೊಂದು ಬೆಸೆದು ಬಾಯಿ ತೆರೆಯುವುದೇ ನಿಂತುಹೋಗುವುದು. ಕೆಳದವಡೆಯ ಬೆಳವಣಿಗೆಗೆ ಈ ತಲೆಯ ಮೃದ್ವಸ್ಥಿಯೂ ಒಂದು ಮುಖ್ಯ ಸ್ಥಾನವಾದುದರಿಂದ ಗದ್ದವೂ ಬೆಳೆಯದೆ ಮುಖವು ಓರೆಯಾಗುವುದು. ಇಂಥ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವವನು ಬೆಸೆದ ಮೂಳೆ ಎಷ್ಟು ದಪ್ಪ, ಅದರ ಒಳಮಗ್ಗುಲಿನ ದೊಡ್ಡ ರಕ್ತನಾಳ ಎಷ್ಟು ಹತ್ತಿರ ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ಅರಿತಿರಬೇಕು. ಇಲ್ಲಿ ಮೂರು ಆಯಾಮದ ಚಿತ್ರವು ಅತ್ಯಗತ್ಯ. ಅದಕ್ಕಾಗಿ ಹಣವಿಲ್ಲವೆಂದೋ ಊರು ದೂರವೆಂದೋ ತಡಮಾಡುವುದು ಆ ಮಗುವಿಗೆ ಮಾಡುವ ಅನ್ಯಾಯ.

ಬೇಡದ ಕಡೆ ಚಿತ್ರವು ಸುಲಭವಾಗಿ ದೊರೆಯುವುದು, ಬೇಕಾದ ಕಡೆ ದೊರೆಯದಿರುವುದು: ಇದೇ ನಮ್ಮ ಆಕ್ಷೇಪಣೆ. ಯಂತ್ರದ ಮೇಲೆ ನಮಗೆ ದ್ವೇಷವಿಲ್ಲ; ಯಂತ್ರವಿರುವುದರಿಂದ ಕೈಗೆ ಕೆಲಸವಿಲ್ಲವೆಂಬ ಭಾವನೆಗೆ ನಮ್ಮ ವಿರೋಧ.

ಚಿತ್ರದಿಂದ ನಷ್ಟವೇನು, ಹೆಚ್ಚು ತಿಳಿದರೆ ಒಳ್ಳೆಯದೇ ಅಲ್ಲವೇ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ವಿಕಿರಣ. ಕೋನ್ ಬೀಮ್ ಚಿತ್ರವೊಂದರಿಂದ ಶರೀರಕ್ಕೆ ತಗಲುವ ವಿಕಿರಣವು, ಯಂತ್ರಕ್ಕೂ ಚಿತ್ರ ತೆಗೆಯುವ ಭಾಗದ ವಿಸ್ತಾರಕ್ಕೂ ಅನುಗುಣವಾಗಿ, ಕೆಲವು ಹತ್ತರಿಂದ ಕೆಲವು ನೂರು ಮೈಕ್ರೋಸೀವರ್ಟ್‌ಗಳಷ್ಟು. ನೆಲದಿಂದಲೂ ಆಕಾಶದಿಂದಲೂ ಪ್ರತಿಯೊಬ್ಬನಿಗೆ ಸಹಜವಾಗಿ ತಗಲುವುದು ಲೋಕದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2,400 ಮೈಕ್ರೋಸೀವರ್ಟ್. ಆದುದರಿಂದ ಒಂದು ಚಿತ್ರಕ್ಕೆ ಯಾರೂ ಹೆದರಬೇಕಾಗಿಲ್ಲ. ಆದರೆ ಬೆಳೆಯುವ ಮಕ್ಕಳ ಅಂಗಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ. ಅನಾವಶ್ಯಕವಾದುದು ಅತ್ಯಲ್ಪವಾದರೂ ಅನಾವಶ್ಯಕವೇ.

ಎರಡನೆಯ ಉತ್ತರವು ಇದಕ್ಕಿಂತ ಮುಖ್ಯವಾದುದು. ಚಿತ್ರದಲ್ಲಿ ಕಂಡ ವಕ್ರತೆಯೆಲ್ಲ ರೋಗವಲ್ಲ. ಯಾವ ನೋವೂ ಇಲ್ಲದ ಜನರನ್ನು ಎಂ.ಆರ್.ಐ. ಮಾಡಿ ನೋಡಿದಾಗ ಅವರಲ್ಲಿಯೂ ಅನೇಕರ ಬಿಲ್ಲೆಯು ಸ್ಥಾನ ತಪ್ಪಿರುವುದು ಕಂಡುಬಂದಿದೆ. ಒಬ್ಬನದೇ ಎಡಬಲ ಕೀಲುಗಳ ತಲೆಗಳು ಕೂಡ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದಿಲ್ಲ. ಆರೋಗ್ಯವಂತರ ಕೀಲುಗಳು ಎಷ್ಟು ಬಗೆಯಾಗಿರುತ್ತವೆಂಬುದನ್ನು ಅರಿಯದವನು ಚಿತ್ರ ನೋಡಿ ಬೆಚ್ಚುವನು, ಇಲ್ಲದ ರೋಗಕ್ಕೆ ಮದ್ದು ಕೊಡುವನು.

ನಮ್ಮ ಸೀಮೆಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಬಾಯಿ ತೆರೆಯದಿರುವುದಕ್ಕೆ ಯಾವಾಗಲೂ ಕೀಲೇ ಕಾರಣವಲ್ಲ. ಅಡಕೆಯನ್ನೂ ಅಡಕೆ ಬೆರೆತ ಗುಟ್ಕಾದಂಥ ಪದಾರ್ಥಗಳನ್ನೂ ಅಗಿಯುವವರಲ್ಲಿ ಕೆನ್ನೆಯ ಒಳಪೊರೆಯು ಬಿಳಿಚಿ, ಅದರ ಕೆಳಗೆ ನಾರುಗಳು ಬೆಳೆದು ಹಗ್ಗದಂತೆ ಬಿಗಿಯುವುವು. ಬಾಯಿ ಮೂರು ಬೆರಳಗಲದಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುವುದು. ಖಾರದ ಪದಾರ್ಥ ತಗಲಿದರೆ ಉರಿಯುವುದು. ಈ ರೋಗವು ಕೆಲವರಲ್ಲಿ ಮುಂದೆ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ದಾರಿಯಾಗುವುದು. ಇಂಥವನ ಕೀಲಿನ ಚಿತ್ರವನ್ನು ಎಷ್ಟು ಅಂದವಾಗಿ ತೆಗೆದರೂ ಅದರಲ್ಲಿ ರೋಗವು ಕಾಣದು. ಕೀಲು ಸರಿಯಾಗಿಯೇ ಇರುವುದು. ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುವುದು.

ಈ ರೋಗದ ಚರಿತ್ರೆಯಲ್ಲಿ ಬ್ಯಾಡಗಿಯವರು ಆಸಕ್ತಿಯಿಂದ ಓದಬೇಕಾದ ಒಂದು ಅಧ್ಯಾಯವಿದೆ. 1950ರ ದಶಕದಲ್ಲಿ ಇದನ್ನು ವರ್ಣಿಸಿದ ಮೇಲೆ ಅಪರಾಧವನ್ನು ಮೊದಲು ಹೊರಿಸಿದ್ದು ಮೆಣಸಿನಕಾಯಿಯ ಮೇಲೆ! ಸಿರ್ಸಾಟ್ ಮತ್ತು ಖಾನೋಲ್ಕರ್ ಎಂಬ ಮುಂಬಯಿಯ ಸಂಶೋಧಕರು ಇಲಿಗಳ ಅಂಗುಳಿಗೆ ಮೆಣಸಿನಕಾಯಿಯ ಖಾರದ್ರವ್ಯವನ್ನು ಬಳಿದು ಮಾಡಿದ ಪ್ರಯೋಗಗಳನ್ನು 1960ರಲ್ಲಿ ಪ್ರಕಟಿಸಿದರು. ಆದರೆ ಮೆಣಸಿನಕಾಯಿಯನ್ನು ಧಾರಾಳವಾಗಿ ತಿನ್ನುವ ಮೆಕ್ಸಿಕೋದಂಥ ದೇಶಗಳಲ್ಲಿ ಈ ರೋಗವು ಅಪರೂಪ. ಅಡಕೆ ಅಗಿಯುವ ಕಡೆಗಳಲ್ಲಿಯೇ ಅದು ಹೆಚ್ಚು. ಮುಂದಿನ ದಶಕಗಳ ಸಾಕ್ಷ್ಯವೆಲ್ಲ ಅಡಕೆಯನ್ನೇ ತೋರಿಸಿತು. ಖಾರಕ್ಕಿಂತ ಬಣ್ಣಕ್ಕೇ ಹೆಸರಾಗಿ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಈ ಮೊಕದ್ದಮೆಯಲ್ಲಿ ಮುಖ್ಯ ಅಪರಾಧಿಯಲ್ಲ. ಅದು ತಾಗಿದಾಗ ಉರಿಯುವುದು ರೋಗದ ಲಕ್ಷಣವೇ ಹೊರತು ಕಾರಣವಲ್ಲ. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲಿ ನಿಷೇಧಿಸಲಾಯಿತು. ಆದರೆ ಅಡಕೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ತರುಣರನ್ನು ತಡೆಯುವುದು ಕಾಯಿದೆಯೊಂದರಿಂದ ಆಗುವ ಕೆಲಸವಲ್ಲ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು.

ಮೊದಲನೆಯದಾಗಿ, ದವಡೆಯ ನೋವೆಂದು ಬಂದವನ ಮಾತನ್ನು ಕೇಳುವುದು, ಕೀಲನ್ನೂ ಕೆನ್ನೆಯನ್ನೂ ಮುಟ್ಟಿ ನೋಡುವುದು, ಬಾಯಿ ತೆರೆಯುವ ಅಳತೆಯನ್ನು ಅಳತೆಪಟ್ಟಿಯಿಂದ ಬರೆದಿಡುವುದು, ಇವು ಚಿತ್ರಕ್ಕಿಂತ ಮುಂಚೆ ನಡೆಯತಕ್ಕದ್ದು. ಪ್ರಾಯದವರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ತೆರೆಯುವುದು. ಅಳತೆಪಟ್ಟಿ ಇಲ್ಲದಿದ್ದರೆ ಅವರವರ ಮೂರು ಬೆರಳುಗಳೇ ಅಳತೆ. ಕೀಲು ತಪ್ಪಿದ ದವಡೆಯನ್ನು ಕೈಯಿಂದ ಸರಿಪಡಿಸುವ ಕ್ರಮವನ್ನು ಪ್ರಾಚೀನ ಈಜಿಪ್ಟಿನ ವೈದ್ಯರು ಬರೆದಿಟ್ಟಿರುವರು. ನಮ್ಮ ಸುಶ್ರುತಸಂಹಿತೆಯಲ್ಲಿಯೂ ಅದಕ್ಕೆ ಚಿಕಿತ್ಸೆ ಹೇಳಿದೆ. ಅವರಿಗೆ ಇದ್ದದ್ದು ಕೈಯೊಂದೇ. ನಮಗೆ ಯಂತ್ರವೂ ಇದೆಯೆಂದ ಮಾತ್ರಕ್ಕೆ ಕೈಯನ್ನು ಮರೆಯುವುದು ಪ್ರಗತಿಯಲ್ಲ.

ಎರಡನೆಯದಾಗಿ, ನಿಜವಾಗಿ ಬೇಕಾದವರಿಗೆ ಮೂರು ಆಯಾಮದ ಚಿತ್ರವು ಹಣದ ಅಡ್ಡಿಯಿಲ್ಲದೆ ದೊರೆಯಬೇಕು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಈಗ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಒಂದು ಪಕ್ಕದ ದಾವಣಗೆರೆಯಲ್ಲಿಯೂ ಇನ್ನೊಂದು ಪಕ್ಕದ ಧಾರವಾಡದಲ್ಲಿಯೂ ದಂತವೈದ್ಯ ಕಾಲೇಜುಗಳಿವೆ. ಗದ್ದಕ್ಕೆ ಪೆಟ್ಟು ಬಿದ್ದ ಮಗುವಿನ ಕೀಲನ್ನು ಪರೀಕ್ಷಿಸಿ, ಸಂದೇಹ ಬಂದರೆ ಎಲ್ಲಿಗೆ ಕಳಿಸಬೇಕೆಂಬ ಕಟ್ಟಳೆಯು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿರಬೇಕು. ಪ್ರತಿ ಊರಿಗೂ ಒಂದು ಯಂತ್ರ ಬೇಕಾಗಿಲ್ಲ. ದಾರಿ ತಿಳಿದಿದ್ದರೆ ಸಾಕು.

ಮೂರನೆಯದಾಗಿ, ಒಮ್ಮೆ ತೆಗೆದ ಚಿತ್ರವು ಒಬ್ಬನ ಫೋನಿನಲ್ಲಿಯೇ ಸಾಯಬಾರದು. ರೋಗಿಯ ಒಪ್ಪಿಗೆ ಪಡೆದು, ಹೆಸರನ್ನು ಅಳಿಸಿ, ಇಂಥ ಚಿತ್ರಗಳನ್ನು ಕಾಲೇಜುಗಳು ಕೂಡಿಡಲಿ. ಅವುಗಳಿಂದ ಆರೋಗ್ಯವಂತ ಕೀಲುಗಳ ಬಗೆಗಳನ್ನು ವಿದ್ಯಾರ್ಥಿಗಳು ಕಲಿಯಲಿ. ನಮ್ಮ ಜನರ ಕೀಲುಗಳ ಅಳತೆಯನ್ನು ನಾವೇ ಅರಿಯೋಣ. ಆ ರೂಪವನ್ನು ಯಂತ್ರದಿಂದ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದರೆ ಬ್ಯಾಡಗಿಯ ಹೈಸ್ಕೂಲಿನ ಹುಡುಗಿಯೂ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು. ಪಳೆಯುಳಿಕೆಗಳಿಗೂ ಒಣಗಿದ ಎಲುಬುಗಳಿಗೂ ವಿಕಿರಣದ ಭಯವಿಲ್ಲ. ಎತ್ತಿನದೂ ನಾಯಿಯದೂ ಎಷ್ಟು ಬಾರಿ ಬೇಕಾದರೂ ಚಿತ್ರ ತೆಗೆಯಬಹುದು. ಸರೀಸೃಪಗಳ ದವಡೆಯ ಕೀಲಿನ ಎಲುಬುಗಳೇ ಸ್ತನಿಗಳಲ್ಲಿ ಕಿವಿಯೊಳಗಿನ ಪುಟ್ಟ ಎಲುಬುಗಳಾದುವೆಂಬ ಅದ್ಭುತ ಕಥೆಯ ವಿವರಗಳನ್ನು ವಿಜ್ಞಾನಿಗಳು ಇಂದು ಕಲ್ಲಿನೊಳಗಿರುವ ತಲೆಬುರುಡೆಗಳನ್ನು ಒಡೆಯದೆಯೇ ಓದುತ್ತಿರುವುದು ಇಂಥ ಚಿತ್ರಗಳಿಂದಲೇ. ಕಲಿಯುವುದಕ್ಕೆ ಧಾರಾಳವಾಗಿ, ಜೀವಂತರ ಮೇಲೆ ಮಿತವಾಗಿ ಎಂಬುದು ನಮ್ಮ ಸೂತ್ರವಾಗಲಿ.

ನಾಳೆ ವೈದ್ಯರಾಗಲಿರುವ ವಾಚಕರು ನಮ್ಮಲ್ಲಿ ಕೆಲವರಿರಬಹುದು. ರೋಗಿಗಳಾಗಿ ಹೋಗುವವರು ಎಲ್ಲರೂ. ಚಿತ್ರ ತೆಗೆಸಬೇಕೆಂದು ಯಾರಾದರೂ ಹೇಳಿದಾಗ, ಅದರಿಂದ ಯಾವ ಪ್ರಶ್ನೆಗೆ ಉತ್ತರ ದೊರೆಯುವುದು, ಉತ್ತರ ದೊರೆತರೆ ಚಿಕಿತ್ಸೆಯು ಬದಲಾಗುವುದೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ವೈದ್ಯನು ಅದಕ್ಕೆ ಬೇಸರಪಡುವುದಿಲ್ಲ. ಮಡಿಚಿದ ಚೀಟಿಯನ್ನು ಕೈಯಲ್ಲಿ ಹಿಡಿದು ಅಂಗಡಿಯ ಮುಂದೆ ನಿಂತಿರುವ ಗೆಳೆಯನಿಗೆ, ಮೂರು ಬೆರಳು ಬಾಯೊಳಗೆ ಹೋಗುತ್ತವೆಯೇ ನೋಡಿಕೋ ಎಂದು ಹೇಳುವುದಕ್ಕೆ ಮಾತ್ರ ಯಾವ ಯಂತ್ರವೂ ಬೇಡ.